ಮಣ್ಣಿನ ಹುಳುಗಳಿಗೂ ಲೆಕ್ಕ ಬೇಕು: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ರೈತರು ಹಾಗೂ ಗ್ರಾಮ ಪಂಚಾಯಿತಿಗಳ ಗಮನಕ್ಕೆ

ಎರೆಹುಳು, ಗೆದ್ದಲು, ಇರುವೆ, ಚೋರಟೆ, ಜರಿ, ಸಗಣಿಹುಳು, ಗೊಣ್ಣೆಹುಳು, ಜೇಡ ಇವೆಲ್ಲ ಬೆನ್ನೆಲುಬಿಲ್ಲದ ಮಣ್ಣುಜೀವಿಗಳು. ಕಣ್ಣಿಗೆ ಸುಲಭವಾಗಿ ಬೀಳದ ನುಸಿಗಳು, ಬಾಲದ ಬಲದಿಂದ ಚಿಮ್ಮುವ ಪುಟ್ಟ ಕೀಟಗಳು, ದುಂಡುಜಂತುಗಳು ಇದೇ ಬಳಗದವು. 2023ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಸೂಕ್ಷ್ಮಾಣುಗಳೂ ಸೇರಿ ಭೂಮಿಯ ಜೀವಪ್ರಭೇದಗಳಲ್ಲಿ ಶೇ 59ರಷ್ಟು ಮಣ್ಣನ್ನೇ ಆಶ್ರಯಿಸಿವೆ. ಒಂದು ಹೊಲದಲ್ಲಿ ಇವುಗಳಲ್ಲಿ ಯಾವುವು ಬದುಕುತ್ತವೆ, ಎಷ್ಟು ಬದುಕುತ್ತವೆ ಎಂಬುದಕ್ಕೆ ಮಳೆ ಮತ್ತು ಮಣ್ಣಿನ ಜಾತಿ ಒಂದು ಕಾರಣ. ಅಷ್ಟೇ ದೊಡ್ಡ ಇನ್ನೊಂದು ಕಾರಣ ಆ ನೆಲವನ್ನು ಬಳಸುವ ಬಗೆ. ಮೊದಲನೆಯದು ರೈತನ ಕೈಯಲ್ಲಿಲ್ಲ, ಎರಡನೆಯದು ಪೂರ್ತಿ ಅವನ ಕೈಯಲ್ಲಿದೆ.

ಸೊರಬದ ಪಶ್ಚಿಮದ ಊರುಗಳು ಮಲೆನಾಡಿಗೆ ಸೇರಿದರೆ ಶಿಕಾರಿಪುರದ ಪೂರ್ವದ ಊರುಗಳು ಬಯಲುಸೀಮೆಗೆ ಹತ್ತಿರ. ನಡುವಿನ ಪ್ರದೇಶದಲ್ಲಿ ಕಾನು, ಸೊಪ್ಪಿನ ಬೆಟ್ಟ, ಭತ್ತದ ಗದ್ದೆ, ಅಡಿಕೆ ತೋಟ, ಮೆಕ್ಕೆಜೋಳದ ಹೊಲ, ಶುಂಠಿ ಪಟ್ಟೆ, ಅಕೇಶಿಯಾ ನೆಡುತೋಪು ಎಲ್ಲವೂ ಒಂದೇ ಊರಿನ ಸರಹದ್ದಿನೊಳಗೆ ಅಕ್ಕಪಕ್ಕ ಸಿಗುತ್ತವೆ. ಮಳೆ ಒಂದೇ, ಮಣ್ಣೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ನೆಲದ ಬಳಕೆ ಮಣ್ಣಿನ ಜೀವಗಳನ್ನು ಏನು ಮಾಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಹೋಲಿಕೆಗೆ ಮೊದಲ ಅಳತೆಗೋಲು ಕಾನು. ದೇವರ ಹೆಸರಿನಲ್ಲಿ ಮತ್ತು ಕಾಳುಮೆಣಸಿನ ಸಲುವಾಗಿ ಊರವರು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದ ಈ ನಿತ್ಯಹಸಿರು ತುಣುಕುಗಳ ಮೇಲೆಯೇ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಒಂದು ವರದಿ ಬರೆದರು. ಅದರ ವಿಷಯ ಸೊರಬ ತಾಲ್ಲೂಕಿನ ಕಾನುಗಳು. ಕಾನಿನ ನೆಲದಲ್ಲಿ ವರ್ಷವಿಡೀ ತರಗೆಲೆಯ ಹಾಸು ಇರುತ್ತದೆ. ಮೇಲಿನ ಪದರದಲ್ಲಿ ಹೊಸದಾಗಿ ಬಿದ್ದ ಒಣ ಎಲೆ, ಅದರ ಕೆಳಗೆ ನರಗಳಷ್ಟೇ ಉಳಿದ ಜಾಲರಿಯಂಥ ಎಲೆ, ಇನ್ನೂ ಕೆಳಗೆ ಎಲೆಯೋ ಮಣ್ಣೋ ಎಂದು ಹೇಳಲಾಗದ ಕಪ್ಪು ಪುಡಿ. ಚೋರಟೆ ಮತ್ತು ಗೆದ್ದಲು ಎಲೆಯನ್ನು ಕತ್ತರಿಸುತ್ತವೆ. ನುಸಿಗಳು ಅದನ್ನು ಮತ್ತಷ್ಟು ಚೂರು ಮಾಡುತ್ತವೆ. ಎರೆಹುಳು ಮಣ್ಣಿನೊಂದಿಗೆ ಬೆರೆಸುತ್ತದೆ. ಜರಿ, ಜೇಡ, ನೆಲದುಂಬಿಗಳು ಇವನ್ನೆಲ್ಲ ತಿಂದು ಲೆಕ್ಕ ಸರಿದೂಗಿಸುತ್ತವೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎಲೆ ಗೊಬ್ಬರವಾಗುವ ಕೆಲಸ ನಿಧಾನವಾಗುತ್ತದೆ.

ಎರೆಹುಳುಗಳಲ್ಲಿ ಮೂರು ವೃತ್ತಿಗಳಿವೆ. ಕೆಲವು ತರಗೆಲೆಯಲ್ಲೇ ಇದ್ದು ಅಲ್ಲೇ ಉಣ್ಣುತ್ತವೆ, ಕೆಲವು ಮೇಲ್ಮಣ್ಣಿನೊಳಗೆ ಅಡ್ಡಡ್ಡ ಕೊರೆಯುತ್ತವೆ, ಇನ್ನು ಕೆಲವು ಆಳಕ್ಕೆ ನೆಟ್ಟಗೆ ಬಿಲ ತೋಡಿ ಮಳೆನೀರಿಗೆ ದಾರಿ ಮಾಡುತ್ತವೆ. ಕಾಡು ಕಡಿದು ಸಾಗುವಳಿ ಮಾಡಿದಾಗ ಮೊದಲು ಹೋಗುವವು ತರಗೆಲೆಯ ವಾಸಿಗಳು. ಆ ಜಾಗಕ್ಕೆ ಹೊರಗಿನಿಂದ ಬಂದವು ಸೇರಿಕೊಳ್ಳುತ್ತವೆ. ದಕ್ಷಿಣ ಅಮೆರಿಕ ಮೂಲದ ಪೊಂಟೊಸ್ಕೋಲೆಕ್ಸ್ ಎಂಬ ಎರೆಹುಳು ಇಂದು ಪಶ್ಚಿಮ ಘಟ್ಟದ ಸಾಗುವಳಿ ನೆಲಗಳಲ್ಲಿ ವ್ಯಾಪಕವಾಗಿದೆ. ಬ್ರೆಜಿಲಿನ ಮನಾಸ್ ಬಳಿ ಕಾಡು ಕಡಿದು ಹುಲ್ಲುಗಾವಲು ಮಾಡಿದ ಕಡೆ ಬೇರೆ ಹುಳುಗಳೆಲ್ಲ ಹೋಗಿ ಇದೊಂದೇ ಉಳಿದಾಗ, ಅದರ ಹಿಕ್ಕೆಯೇ ಮಣ್ಣಿನ ಮೇಲ್ಪದರವನ್ನು ಬಿಗಿಮಾಡಿ ನೀರು ಇಂಗದಂತೆ ಮಾಡಿದ್ದನ್ನು ವಿಜ್ಞಾನಿಗಳು 1999ರಲ್ಲಿ ದಾಖಲಿಸಿದರು. ಹುಳು ಇದ್ದರೆ ಸಾಲದು, ಹಲವು ಬಗೆಯ ಹುಳು ಇರಬೇಕು.

ಖುಷ್ಕಿ ನೆಲಕ್ಕೆ ಬಂದರೆ ಮೆಕ್ಕೆಜೋಳದ್ದೇ ದೊಡ್ಡ ಸಂಗತಿ. ಕಟಾವಾದ ಮೇಲೆ ದಂಟಿಗೆ ಬೆಂಕಿ ಹಾಕಿ, ಬೇಸಿಗೆಯಿಡೀ ನೆಲ ಬೆತ್ತಲೆ ಬಿಟ್ಟು, ಮುಂಗಾರಿಗೆ ರೋಟವೇಟರ್ ಹೊಡೆಸುವ ಪದ್ಧತಿ ಮಣ್ಣುಜೀವಿಗಳಿಗೆ ಮೂರು ಕಡೆಯಿಂದ ಪೆಟ್ಟು ಕೊಡುತ್ತದೆ: ಬೆಂಕಿ ಆಹಾರವನ್ನು ಕಸಿಯುತ್ತದೆ, ಬಿಸಿಲು ತೇವವನ್ನು ಕಸಿಯುತ್ತದೆ, ರೋಟವೇಟರ್ ಬಿಲಗಳನ್ನು ಪುಡಿಮಾಡುತ್ತದೆ. ಇದರ ಮೇಲೆ 2018ರಲ್ಲಿ ಇನ್ನೊಂದು ಹೊರೆ ಬಿತ್ತು. ಆ ವರ್ಷ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ದೇಶದಲ್ಲೇ ಮೊದಲಿಗೆ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಪತ್ತೆಯಾಯಿತು. ಅದರ ಬೆನ್ನಿಗೇ ಔಷಧಿ ಹೊಡೆಯುವುದೂ ಹೆಚ್ಚಿತು. ಆದರೆ ಬಲಿತ ಸೈನಿಕ ಹುಳು ಗಿಡದಿಂದಿಳಿದು ಕೋಶವಾಗುವುದು ಮಣ್ಣಿನಲ್ಲಿ, ಕೆಲವೇ ಸೆಂಟಿಮೀಟರ್ ಆಳದಲ್ಲಿ. ಅಲ್ಲಿ ಅದನ್ನು ಹುಡುಕಿ ತಿನ್ನುವವು ಇರುವೆ ಮತ್ತು ನೆಲದುಂಬಿಗಳು. ವಿಷ ಸುರಿದು ಅವುಗಳನ್ನು ಕೊಂದ ಹೊಲದಲ್ಲಿ ಮುಂದಿನ ಪೀಳಿಗೆಯ ಪತಂಗಕ್ಕೆ ತಡೆಯೇ ಇರುವುದಿಲ್ಲ.

ಗೆದ್ದಲಿನ ವಿಷಯದಲ್ಲೂ ಇದೇ ತಪ್ಪು ನಡೆಯುತ್ತಿದೆ. ತಿನ್ನಲು ಒಣಕಸ, ದಂಟು, ಸಗಣಿ ಇರುವ ಹೊಲದಲ್ಲಿ ಗೆದ್ದಲು ಹಸಿ ಪೈರಿಗೆ ಬಾಯಿ ಹಾಕುವುದು ಕಡಿಮೆ. ಕಸವನ್ನೆಲ್ಲ ಸುಟ್ಟು ಆಮೇಲೆ ಗೆದ್ದಲಿಗೆ ಔಷಧಿ ಹುಡುಕುವುದು ದುಡ್ಡು ಕೊಟ್ಟು ನಷ್ಟ ತಂದುಕೊಂಡಂತೆ. ಬದುವಿನ ಹುತ್ತವನ್ನು ಅಗೆದು ಹಾಕದಿದ್ದರೆ ಮಳೆಗಾಲದಲ್ಲಿ ಅಲ್ಲಿ ಅಣಬೆಯೂ ಏಳುತ್ತದೆ.

ಮಣ್ಣಿನ ಜೀವಕ್ಕೆ ಅತಿ ಹೆಚ್ಚು ಹಾನಿ ಮಾಡುವ ಬಳಕೆ ಗುತ್ತಿಗೆ ಶುಂಠಿ. ಬೆಳೆಯ ದೋಷ ಇದರಲ್ಲಿಲ್ಲ. ಶುಂಠಿ ಪಟ್ಟೆಗೆ ಸೊಪ್ಪು, ಹುಲ್ಲು ಹೊದಿಸುವ ಪದ್ಧತಿ ಹುಳುಗಳಿಗೆ ಹಿತವಾದದ್ದೇ. ಕೆಡಿಸುವುದು ಗುತ್ತಿಗೆಯ ಸ್ವರೂಪ. ಒಂದು ಬೆಳೆ ತೆಗೆದು ಹೊರಟುಹೋಗುವವರಿಗೆ ಆ ನೆಲ ಮುಂದಿನ ವರ್ಷ ಹೇಗಿರುತ್ತದೆ ಎಂಬ ಚಿಂತೆ ಇರಬೇಕಾದ ಅಗತ್ಯವೇ ಇಲ್ಲ. ನೆಲವನ್ನು ಆಳಕ್ಕೆ ಕೆದಕಿ ಏರುಮಡಿ ಮಾಡಿ, ಗಡ್ಡೆಕೊಳೆ ಬರುತ್ತದೆಂದು ತಾಮ್ರದ ಔಷಧಿ ಮತ್ತೆ ಮತ್ತೆ ಬುಡಕ್ಕೆ ಸುರಿದು, ಹುಳುವಿಗೆಂದು ಹರಳು ವಿಷ ಹಾಕಿ, ಕೊನೆಗೆ ಗಡ್ಡೆ ಕೀಳಲು ಮತ್ತೊಮ್ಮೆ ಇಡೀ ಪಟ್ಟೆಯನ್ನು ಬುಡಮೇಲು ಮಾಡಲಾಗುತ್ತದೆ. ಫೋರೇಟ್ ಹರಳನ್ನು ಕೇಂದ್ರ ಸರ್ಕಾರ 2018ರ ಆದೇಶದ ಮೂಲಕ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಿದೆ. ಅದು ಯಾರದ್ದಾದರೂ ಉಗ್ರಾಣದ ಮೂಲೆಯಲ್ಲಿ ಉಳಿದಿದ್ದರೂ ಹೊಲಕ್ಕೆ ಹೋಗಕೂಡದು. ಮಣ್ಣನ್ನು ಕಳೆದುಕೊಳ್ಳುವವನು ಭೂಮಿಯ ಒಡೆಯ. ಆದ್ದರಿಂದ ಷರತ್ತು ಹಾಕಬೇಕಾದವನೂ ಅವನೇ: ಬುಡಕ್ಕೆ ಸುರಿಯುವ ಔಷಧಿಗಳ ಹೆಸರು ಗುತ್ತಿಗೆ ಪತ್ರದಲ್ಲೇ ಇರಬೇಕು, ಬದು ಒಡೆಯಕೂಡದು, ಗಡ್ಡೆ ಕಿತ್ತ ಮೇಲೆ ಅಪ್ಸೆಣಬು ಅಥವಾ ಹುರುಳಿ ಬಿತ್ತಿ ನೆಲ ಮುಚ್ಚಿಕೊಡಬೇಕು.

ಅಡಿಕೆ ತೋಟದ ಕಥೆ ಬೇರೆ. ನೆರಳು, ತೇವ, ಸೊಪ್ಪು, ಕೊಟ್ಟಿಗೆ ಗೊಬ್ಬರ ಎಲ್ಲ ಇರುವ ಹಳೆಯ ತೋಟ ಮಣ್ಣುಜೀವಿಗಳಿಗೆ ಕಾನಿನ ನಂತರದ ಒಳ್ಳೆಯ ಮನೆ. ಆದರೆ ಅಲ್ಲಿಯೂ ಮೂರು ಅಪಾಯಗಳಿವೆ. ಒಂದು, ತಾಮ್ರ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದು ಮಲೆನಾಡಿನ ತೋಟಗಳನ್ನು ಉಳಿಸಿದರು; ಆ ಉಪಕಾರವನ್ನು ಮರೆಯುವಂತಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಗೊನೆಯಿಂದ ತೊಟ್ಟಿಕ್ಕಿದ ತಾಮ್ರ ಕರಗಿ ಮಾಯವಾಗುವುದಿಲ್ಲ, ಮೇಲ್ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ತಾಮ್ರ ಹೆಚ್ಚಿದ ಮಣ್ಣಿನಲ್ಲಿ ಎರೆಹುಳು ಕಡಿಮೆಯಾಗುವುದು ಯುರೋಪಿನ ಹಣ್ಣಿನ ತೋಟಗಳಲ್ಲಿ ಬಹಳ ಹಿಂದೆಯೇ ಗೊತ್ತಾದ ಸಂಗತಿ. ಗೊನೆಗಷ್ಟೇ ತಾಗುವಂತೆ ಸಿಂಪಡಿಸುವುದು, ಉಳಿದ ದ್ರಾವಣವನ್ನು ತೋಟದಲ್ಲಿ ಚೆಲ್ಲದಿರುವುದು ಇದಕ್ಕಾಗಿಯೇ ಮುಖ್ಯ. ಎರಡು, ಬೇರುಹುಳು. ಇದಕ್ಕೆ ಮರದ ಬುಡಕ್ಕೆಲ್ಲ ವಿಷ ಸುರಿಯುವ ಬದಲು, ಮುಂಗಾರಿನ ಮೊದಲ ಮಳೆಗೆ ಸಂಜೆ ಮಣ್ಣಿನಿಂದೇಳುವ ಅದರ ದುಂಬಿಗಳನ್ನು ಊರೊಟ್ಟಿಗೆ ಹಿಡಿದು ಕೊಲ್ಲುವುದು ಮತ್ತು ಹುಳುವಿಗೆ ರೋಗ ತರುವ ದುಂಡುಜಂತುಗಳನ್ನು ಬಿಡುವುದು ಮೇಲು. ಮೂರನೆಯದು ಹೊಸ ಮಣ್ಣು ಹೊಡೆಸುವ ಚಾಳಿ. ತೋಟಕ್ಕೆಂದು ಗುಡ್ಡದ ಕೆಂಪುಮಣ್ಣನ್ನು ಜೆಸಿಬಿಯಿಂದ ಕೆರೆದು ತಂದಾಗ ಗುಡ್ಡದ ಮೇಲ್ಪದರವೂ ಅದರ ಜೀವಗಳೂ ಹೋಗುತ್ತವೆ, ಇತ್ತ ತೋಟದ ಜೀವಂತ ಮಣ್ಣು ನಿರ್ಜೀವ ಮಣ್ಣಿನಡಿ ಹೂತುಹೋಗುತ್ತದೆ. ಒಂದೇ ಕೆಲಸಕ್ಕೆ ಎರಡು ನೆಲಗಳು ಬಲಿಯಾಗುತ್ತವೆ.

ಭತ್ತದ ಗದ್ದೆಯ ಜೀವಗಳು ನೀರಿಗೆ ಹೊಂದಿಕೊಂಡವು: ಏಡಿ, ಬಸವನಹುಳು, ಕೆಸರಿನ ಸಣ್ಣ ಹುಳುಗಳು. ಗದ್ದೆಗೆ ಬಸಿಗಾಲುವೆ ತೆಗೆದು ಅಡಿಕೆ ನೆಟ್ಟಾಗ ಅವು ಇಲ್ಲವಾಗುತ್ತವೆ, ತೋಟದ ಜೀವಗಳು ಬಂದು ನೆಲೆಸಲು ವರ್ಷಗಳೇ ಬೇಕು. ಅಕೇಶಿಯಾ ತೋಪಿನಲ್ಲಿ ಎಲೆಯ ಹಾಸು ದಪ್ಪಗಿದ್ದರೂ ಎಲೆ ಗಡುಸು, ಅದೂ ಒಂದೇ ಜಾತಿಯದ್ದು. ಬೆತ್ತಲೆ ನೆಲಕ್ಕಿಂತ ವಾಸಿ, ಸೊಪ್ಪಿನ ಬೆಟ್ಟಕ್ಕೆ ಸಮವಲ್ಲ. ದನ ಕಡಿಮೆಯಾದ ಊರಲ್ಲಿ ಸಗಣಿಹುಳುವೂ ಕಡಿಮೆ. ಇದ್ದ ದನಗಳಿಗೆ ಜಂತಿಗೆಂದು ಐವರ್‌ಮೆಕ್ಟಿನ್ ಕೊಟ್ಟರೆ ಮುಂದಿನ ಕೆಲವು ದಿನದ ಸಗಣಿ ಆ ಹುಳುವಿನ ಮರಿಗಳಿಗೆ ವಿಷ. ಅಷ್ಟು ದಿನದ ಸಗಣಿಯನ್ನು ಗುಂಡಿಗೆ ಹಾಕುವುದು ಕಷ್ಟದ ಕೆಲಸವೇನಲ್ಲ.

ಎರೆಗೊಬ್ಬರದ ಗುಂಡಿಯಿಂದ ಇದಕ್ಕೆಲ್ಲ ಪರಿಹಾರ ಸಿಕ್ಕಿತೆಂಬ ನಂಬಿಕೆ ಸರಿಯಲ್ಲ. ಗುಂಡಿಯಲ್ಲಿ ಸಾಕುವ ಆಫ್ರಿಕಾದ ಎರೆಹುಳು ಕೊಳೆತ ಕಸದಲ್ಲಿ ಬಾಳುವಂಥದ್ದು, ಹೊಲದ ಮಣ್ಣಿನಲ್ಲಿ ನೆಲೆಯೂರುವುದಿಲ್ಲ. ಗೊಬ್ಬರ ಒಳ್ಳೆಯದೇ, ಆದರೆ ಹೊಲಕ್ಕೆ ಬೇಕಾದ ಹುಳುಗಳು ಪಕ್ಕದ ಬದು, ಬ್ಯಾಣ, ಕಾನಿನ ಅಂಚಿನಿಂದಲೇ ಬರಬೇಕು. ಎರೆಹುಳು ವರ್ಷಕ್ಕೆ ಮೈಲಿಗಟ್ಟಲೆ ಹರಡುವ ಪ್ರಾಣಿಯಲ್ಲ. ಆದ್ದರಿಂದ ಉಳದ, ಸುಡದ, ಔಷಧಿ ಬೀಳದ ಒಂದು ಪಟ್ಟಿ ಪ್ರತಿ ಹಿಡುವಳಿಯಲ್ಲೂ ಇರಬೇಕು, ಉಳಿದಿರುವ ಕಾನುಗಳ ಅಂಚು ಇನ್ನು ಒಂದಡಿಯೂ ಒತ್ತುವರಿಯಾಗಬಾರದು.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ: ಸಾರಜನಕದಿಂದ ಬೋರಾನ್‌ವರೆಗೆ, ರಸಸಾರದಿಂದ ಸಾವಯವ ಇಂಗಾಲದವರೆಗೆ. ಜೀವಿಯೊಂದರ ಹೆಸರೂ ಅದರಲ್ಲಿಲ್ಲ. ಆರೋಗ್ಯದ ಚೀಟಿಯಲ್ಲಿ ಜೀವದ ಸಾಲೇ ಇಲ್ಲದಿರುವುದು ದೊಡ್ಡ ಕೊರತೆ, ಅದನ್ನು ತುಂಬುವ ಕೆಲಸ ಈ ಎರಡು ತಾಲ್ಲೂಕುಗಳಿಂದಲೇ ಆರಂಭವಾಗಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಕೈಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮರ, ಹಕ್ಕಿ, ಮೀನಿನ ಜೊತೆ ಮಣ್ಣಿನ ಹುಳುಗಳ ಪುಟವೂ ಅದರಲ್ಲಿ ಸೇರಲಿ.

ಎಣಿಸಲು ಪ್ರಯೋಗಾಲಯ ಬೇಡ. ಮಳೆಗಾಲದ ಕೊನೆಯ ಭಾಗದಲ್ಲಿ, ಮಣ್ಣು ಇನ್ನೂ ತೇವವಿರುವಾಗ, ಬೆಳಗ್ಗೆ 25 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 30 ಸೆಂಟಿಮೀಟರ್ ಆಳಕ್ಕೆ ಮಣ್ಣು ಅಗೆದು ಗೋಣಿಚೀಲದ ಮೇಲೆ ಹರಡಿ, ಹೆಂಟೆ ಒಡೆದು ಕೈಯಿಂದ ಆರಿಸಬೇಕು. ವಿಜ್ಞಾನಿಗಳು ಉಷ್ಣವಲಯದ ದೇಶಗಳಲ್ಲೆಲ್ಲ ಬಳಸುವ ವಿಧಾನವೂ ಇದೇ. ಸಿಕ್ಕ ಜೀವಗಳನ್ನು ಎರೆಹುಳು, ಗೆದ್ದಲು, ಇರುವೆ, ದುಂಬಿ, ಗೊಣ್ಣೆಹುಳು, ಚೋರಟೆ, ಜರಿ, ಇತರೆ ಎಂದು ಬೇರ್ಪಡಿಸಿ ಎಣಿಸಿ, 16ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ ಸಿಗುತ್ತದೆ. ಒಂದು ಹೊಲದಲ್ಲಿ ಕನಿಷ್ಠ ಐದು ಕಡೆಯಾದರೂ ಅಗೆಯಬೇಕು, ಏಕೆಂದರೆ ಗೆದ್ದಲು ಮತ್ತು ಇರುವೆ ಗುಂಪಾಗಿರುತ್ತವೆ, ಒಂದೇ ಗುಂಡಿ ನಂಬಿದರೆ ಲೆಕ್ಕ ತಪ್ಪುತ್ತದೆ. ಅದೇ ದಿನ ಹತ್ತಿರದ ಕಾನಿನ ಅಂಚಿನಲ್ಲೂ ಎಣಿಸಿ ಎರಡು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ಎಣಿಕೆ ಮುಗಿದ ಮೇಲೆ ಜೀವಗಳನ್ನೂ ಮಣ್ಣನ್ನೂ ಅದೇ ಗುಂಡಿಗೆ ಹಾಕಿ ಮೇಲೆ ಸೊಪ್ಪು ಮುಚ್ಚಬೇಕು. ಬೇಸಿಗೆಯಲ್ಲಿ ಎಣಿಸಿದರೆ ಪ್ರಯೋಜನವಿಲ್ಲ. ಆಗ ಎರೆಹುಳುಗಳು ಆಳಕ್ಕಿಳಿದು ಸುರುಳಿ ಸುತ್ತಿಕೊಂಡು ಮಳೆ ಬರುವವರೆಗೆ ಮೇಲೆ ಬರುವುದಿಲ್ಲ.