ಟ್ರೇ ಮೇಲಿನ ಪ್ಲಾಸ್ಟಿಕ್ ಚಾಕು

ವಿಮಾನದಲ್ಲಿ ಕೊಡುವ ಊಟದ ಜೊತೆಗೆ ಬರುವ ಚಮಚ, ಫೋರ್ಕ್ ಮತ್ತು ಚಾಕು, ಅಂದರೆ ಒಟ್ಟಾಗಿ ‘ಕಟ್ಲರಿ’ ಎಂದು ಕರೆಯಲಾಗುವ ಸಾಮಗ್ರಿ, ಕಳೆದ ಎರಡು ದಶಕಗಳಲ್ಲಿ ಲೋಹದಿಂದ ಪ್ಲಾಸ್ಟಿಕ್‌ಗೂ ಪ್ಲಾಸ್ಟಿಕ್‌ನಿಂದ ಮರಕ್ಕೂ ಬದಲಾಗುತ್ತ ಬಂದಿರುವುದನ್ನು ಪ್ರಯಾಣಿಕರು ಕಂಡಿದ್ದಾರಾದರೂ, ಪ್ರತಿ ಬದಲಾವಣೆಗೂ ಒಂದೊಂದು ಹೊಸ ಕಾರಣವನ್ನು ಮುಂದಿಡಲಾಯಿತು ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮೊದಲು ಭದ್ರತೆಯ ಮಾತು ಬಂತು, ಅದರ ಬೆನ್ನಿಗೆ ತೂಕ ಮತ್ತು ಇಂಧನದ ಲೆಕ್ಕ ಬಂತು, ನಡುವೆ ಸಾಂಕ್ರಾಮಿಕದ ಅಂಜಿಕೆ ಸೇರಿಕೊಂಡಿತು, ಈಚೆಗೆ ಪರಿಸರದ ಕಾಳಜಿ ಬಂದಿದೆ. ಕಾರಣಗಳು ಸರದಿಯ ಮೇಲೆ ಬಂದು ಹೋದರೂ ಫಲ ಮಾತ್ರ ಒಂದೇ ಆಗಿ ಉಳಿಯಿತು: ಸಾಮಾನ್ಯ ದರ್ಜೆಯ ಪ್ರಯಾಣಿಕ ಉಂಡ ಚಮಚವನ್ನು ತೊಳೆದು ಮತ್ತೆ ಬಳಸುವ ಹೊಣೆಯಿಂದ ವಿಮಾನ ಸಂಸ್ಥೆಗಳು ಬಹುಮಟ್ಟಿಗೆ ಬಿಡುಗಡೆ ಪಡೆದವು.

2001ರ ಸೆಪ್ಟೆಂಬರ್ 11ರಂದು ಹತ್ತೊಂಬತ್ತು ಮಂದಿ ಅಪಹರಣಕಾರರು ಅಮೆರಿಕದ ನಾಲ್ಕು ವಿಮಾನಗಳನ್ನು ವಶಪಡಿಸಿಕೊಂಡು ಸುಮಾರು 3,000 ಜನರ ಸಾವಿಗೆ ಕಾರಣರಾದಾಗ, ಅವರ ಕೈಯಲ್ಲಿ ಇದ್ದದ್ದು ಸಣ್ಣ ಅಲಗಿನ ಚಾಕುಗಳಂಥ ಆಯುಧಗಳೇ ಹೊರತು ಬಂದೂಕುಗಳಲ್ಲವೆಂಬುದು ಮುಂದಿನ ತನಿಖೆಯಿಂದ ಸ್ಪಷ್ಟವಾಯಿತು. ನಾಲ್ಕು ಇಂಚಿಗಿಂತ ಕಡಿಮೆ ಉದ್ದದ ಅಲಗನ್ನು ವಿಮಾನದೊಳಕ್ಕೆ ಒಯ್ಯಲು ಆಗಿನ ಅಮೆರಿಕದ ನಿಯಮಗಳೇ ಅವಕಾಶ ಕೊಟ್ಟಿದ್ದವು. ಅಪಹರಣ ನಡೆದರೆ ಪ್ರತಿರೋಧ ತೋರದೆ ಸಹಕರಿಸಬೇಕು, ವಿಮಾನವನ್ನು ಎಲ್ಲಾದರೂ ಇಳಿಸಿದ ಮೇಲೆ ಸರ್ಕಾರ ಮಾತುಕತೆ ನಡೆಸುತ್ತದೆ ಎಂಬುದೇ ಸಿಬ್ಬಂದಿಗೆ ಕೊಡುತ್ತಿದ್ದ ತರಬೇತಿಯ ಸಾರವಾಗಿತ್ತು. ಈ ಎರಡೂ ಲೋಪಗಳಿಗೆ ಊಟದ ಟ್ರೇಯ ಜೊತೆ ಯಾವ ಸಂಬಂಧವೂ ಇರಲಿಲ್ಲ. ಹಾಗಿದ್ದರೂ ದಾಳಿಯ ಬೆನ್ನಲ್ಲೇ, ಬೆಣ್ಣೆ ಹಚ್ಚುವುದಕ್ಕೂ ಕೋಳಿ ಮಾಂಸದ ತುಂಡು ಬಿಡಿಸುವುದಕ್ಕೂ ಕೊಡುತ್ತಿದ್ದ ಮೊಂಡು ತುದಿಯ ಲೋಹದ ಚಾಕು ಟ್ರೇಯಿಂದ ಕಾಣೆಯಾಗಿ ಅದರ ಜಾಗಕ್ಕೆ ಪ್ಲಾಸ್ಟಿಕ್ ಚಾಕು ಬಂತು.

ಭಾರತದ ಓದುಗರಿಗೆ ಇದಕ್ಕೂ ಹಿಂದಿನ ಒಂದು ಘಟನೆ ನೆನಪಿರುತ್ತದೆ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ಐಸಿ 814 ವಿಮಾನ ಅಪಹರಣಕ್ಕೊಳಗಾಗಿ, ಅಮೃತಸರ, ಲಾಹೋರ್ ಮತ್ತು ದುಬೈಗಳ ಮೂಲಕ ಕಂದಹಾರ್ ಸೇರಿತು. ದಾರಿಯಲ್ಲಿ ರೂಪಿನ್ ಕತ್ಯಾಲ್ ಎಂಬ ಯುವಕನನ್ನು ಇರಿದು ಕೊಲ್ಲಲಾಯಿತು. ಆ ಚಾಕು ವಿಮಾನದ ಅಡುಗೆ ಕೋಣೆಯದ್ದಲ್ಲ. ನಿಲ್ದಾಣದ ತಪಾಸಣೆಯ ಕಣ್ಣು ತಪ್ಪಿಸಿ ಬೇರೆ ಆಯುಧಗಳ ಜೊತೆಗೆ ಒಳಗೆ ಬಂದದ್ದು. ದೊಡ್ಡ ಅಪಹರಣಗಳ ಪಾಠವಿರುವುದು ನೆಲದ ಮೇಲಿನ ತಪಾಸಣೆಯಲ್ಲಿ ಮತ್ತು ಪೈಲಟ್ ಕೂರುವ ಕೋಣೆಯ ಬಾಗಿಲಿನಲ್ಲಿ. ಆ ಪಾಠವನ್ನು ಕಲಿಯುವುದಕ್ಕೆ ಹಣವೂ ಕಾಲವೂ ಬೇಕಾಗಿದ್ದರಿಂದ, ಒಂದೇ ವಾರದಲ್ಲಿ ಮಾಡಿ ತೋರಿಸಬಹುದಾದ ಕೆಲಸವಾಗಿ ಚಾಕುವಿನ ಬದಲಾವಣೆ ಎಲ್ಲರಿಗೂ ಒದಗಿ ಬಂತೆಂದರೆ ಅದು ಕಟುವಾದ ಮಾತಾಗಲಾರದು.

ಅಪಾಯವನ್ನು ನಿಜವಾಗಿ ತಗ್ಗಿಸದೆ, ತಗ್ಗಿಸಲಾಗಿದೆ ಎಂಬ ಭಾವನೆಯನ್ನು ಮಾತ್ರ ಹುಟ್ಟಿಸುವ ಇಂಥ ಕ್ರಮಗಳನ್ನು ಅಮೆರಿಕದ ಭದ್ರತಾ ತಜ್ಞ ಬ್ರೂಸ್ ಶ್ನಾಯರ್ ‘ಭದ್ರತೆಯ ನಾಟಕ’ ಎಂದು ಕರೆದಿದ್ದಾರೆ. ಅವರ ವಾದದಂತೆ 2001ರ ನಂತರ ವಿಮಾನಯಾನವನ್ನು ಸುರಕ್ಷಿತಗೊಳಿಸಿದ ಸಂಗತಿಗಳು ಮುಖ್ಯವಾಗಿ ಎರಡು: ಕಾಕ್‌ಪಿಟ್‌ನ ಬಲಪಡಿಸಿದ ಬಾಗಿಲು ಮತ್ತು ಸುಮ್ಮನೆ ಕೂರಬಾರದೆಂದು ಪ್ರಯಾಣಿಕರಲ್ಲೇ ಮೂಡಿದ ಅರಿವು. ಗುಂಡಿಗೂ ಬಲಪ್ರಯೋಗಕ್ಕೂ ಜಗ್ಗದ ಬಾಗಿಲುಗಳನ್ನು ಅಮೆರಿಕ 2003ರ ಏಪ್ರಿಲ್ ಹೊತ್ತಿಗೆ ಕಡ್ಡಾಯಗೊಳಿಸಿತು. ಇನ್ನು ಪ್ರಯಾಣಿಕರ ವಿಷಯದಲ್ಲಿ ಬದಲಾವಣೆ ಸೆಪ್ಟೆಂಬರ್ 11ರಂದೇ, ಅಪಹರಣಕಾರರಿಗೆ ಪ್ರಯಾಣಿಕರು ಎದುರು ನಿಂತ ನಾಲ್ಕನೆಯ ವಿಮಾನದೊಳಗೇ ಶುರುವಾಗಿತ್ತು; ಮೂರು ತಿಂಗಳ ಬಳಿಕ, ಡಿಸೆಂಬರ್ 22ರಂದು ಬೂಟಿನಲ್ಲಿ ಸ್ಫೋಟಕವಿಟ್ಟುಕೊಂಡಿದ್ದ ರಿಚರ್ಡ್ ರೀಡ್‌ನನ್ನು ಅದುಮಿ ಹಿಡಿದವರು ಸಿಬ್ಬಂದಿ ಮತ್ತು ಸಹಪ್ರಯಾಣಿಕರೇ. ಬಾಗಿಲಿಗೂ ಅದರದೇ ಅಪಾಯವಿದೆ ಎಂಬುದನ್ನು 2015ರ ಮಾರ್ಚ್ 24ರ ಜರ್ಮನ್‌ವಿಂಗ್ಸ್ ದುರಂತ ತೋರಿಸಿತು: ಸಹಪೈಲಟ್ ಒಳಗಿನಿಂದ ಬಾಗಿಲು ಭದ್ರಪಡಿಸಿಕೊಂಡು ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದಾಗ 150 ಮಂದಿ ಸತ್ತರು. ಆದರೂ ಬಾಗಿಲಿನ ಲಾಭನಷ್ಟವನ್ನು ತೂಗಿ ನೋಡಲು ಸಾಧ್ಯವಿದೆ; ಪ್ಲಾಸ್ಟಿಕ್ ಚಾಕುವಿನ ವಿಷಯದಲ್ಲಿ ತೂಗಲು ಒಂದು ತಟ್ಟೆಯಲ್ಲಿ ಏನೂ ಇಲ್ಲ.

ನಾಟಕವೆಂಬ ಮಾತಿಗೆ ಪುರಾವೆ ಟ್ರೇ ಮೇಲೆಯೇ ಇತ್ತು. ಎಷ್ಟೋ ಸಂಸ್ಥೆಗಳಲ್ಲಿ ಚಾಕು ಪ್ಲಾಸ್ಟಿಕ್ ಆದಾಗಲೂ ಪಕ್ಕದ ಫೋರ್ಕ್ ಲೋಹದ್ದಾಗಿಯೇ ಮುಂದುವರಿಯಿತು. ಮೊನಚಾದ ನಾಲ್ಕು ಹಲ್ಲುಗಳ ಫೋರ್ಕ್ ನಿರಪಾಯಕಾರಿ, ಮೊಂಡು ಚಾಕು ಮಾರಕ ಎಂಬ ವಿಂಗಡಣೆಗೆ ಯಾವ ಶಸ್ತ್ರಶಾಸ್ತ್ರದ ಆಧಾರವಿತ್ತೋ ತಿಳಿಯದು. ಸುಂಕಮುಕ್ತ ಮಳಿಗೆಯಲ್ಲಿ ಕೊಂಡ ಗಾಜಿನ ಬಾಟಲಿಯನ್ನು ಕೈಯಲ್ಲೇ ಹಿಡಿದು ವಿಮಾನ ಹತ್ತಲು ಅಡ್ಡಿ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅನೇಕ ಸಂಸ್ಥೆಗಳ ಮೇಲ್ದರ್ಜೆಯ ಆಸನಗಳಿಗೆ ಲೋಹದ ಚಾಕು ಹೊಳಪಿನೊಂದಿಗೆ ಮರಳಿತು. ಪರದೆಯ ಈಚೆಗಿನವರಿಗೆ ಪ್ಲಾಸ್ಟಿಕ್ಕೇ ಗತಿಯಾಯಿತು. ಟಿಕೆಟ್ಟಿನ ದರ ಹೆಚ್ಚಾದಷ್ಟೂ ಪ್ರಯಾಣಿಕನ ಸಜ್ಜನಿಕೆಯೂ ಹೆಚ್ಚುತ್ತದೆ ಎಂದು ನಂಬದ ಹೊರತು ಈ ಭೇದವನ್ನು ಭದ್ರತೆಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಅಮೆರಿಕದ ಸಾರಿಗೆ ಭದ್ರತಾ ಆಡಳಿತವೇ 2013ರ ಮಾರ್ಚ್‌ನಲ್ಲಿ ಸಣ್ಣ ಜೇಬುಚಾಕುಗಳಿಗೆ ಮತ್ತೆ ಅವಕಾಶ ನೀಡಲು ಮುಂದಾಗಿ, ಸ್ಫೋಟಕಗಳ ಪತ್ತೆಗೆ ಹೆಚ್ಚು ಗಮನ ಕೊಡಬೇಕಿದೆ ಎಂದು ವಾದಿಸಿತು. ವಿಮಾನ ಪರಿಚಾರಕರ ಸಂಘಟನೆಗಳ ತೀವ್ರ ವಿರೋಧದಿಂದಾಗಿ ಅದೇ ಜೂನ್‌ನಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಪರಿಚಾರಕರ ಅಳುಕು ಸಕಾರಣವೇ ಆಗಿತ್ತು, ಏಕೆಂದರೆ ಬಲವಾದ ಬಾಗಿಲು ಪೈಲಟ್‌ಗಳನ್ನು ಕಾಯುತ್ತದೆಯೇ ಹೊರತು ಅದರ ಹೊರಗೆ ದುಡಿಯುವವರನ್ನಲ್ಲ.

ಭದ್ರತೆಯ ವಾದ ಸೊರಗಿದಂತೆ ಹಣದ ವಾದ ಮುಂದೆ ಬಂತು. ದಾಳಿಯ ನಂತರ ನಷ್ಟಕ್ಕೊಳಗಾದ ಅಮೆರಿಕದ ಸಂಸ್ಥೆಗಳು ದೇಶದೊಳಗಿನ ಹಾರಾಟಗಳಲ್ಲಿ ಬಿಟ್ಟಿ ಊಟವನ್ನೇ ಹಂತಹಂತವಾಗಿ ನಿಲ್ಲಿಸಿದವು. ಉಳಿದ ಊಟದಲ್ಲಿ ತೊಳೆಯಬೇಕಾದ ಸಾಮಗ್ರಿ ಕಡಿಮೆಯಾದಷ್ಟೂ ಒಳ್ಳೆಯದೆಂಬ ಭಾವನೆ ಬೆಳೆಯಿತು. ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥರಾಗಿದ್ದ ರಾಬರ್ಟ್ ಕ್ರಾಂಡಲ್ 1980ರ ದಶಕದಲ್ಲಿ ಪ್ರತಿ ಸಲಾಡ್‌ನಿಂದ ಒಂದು ಆಲಿವ್ ಕಾಯಿಯನ್ನು ತೆಗೆಸಿ ವರ್ಷಕ್ಕೆ ಸುಮಾರು 40,000 ಡಾಲರ್ ಉಳಿಸಿದರೆಂಬ ಕಥೆ ಈ ಉದ್ಯಮದ ಪುರಾಣವೇ ಆಗಿಬಿಟ್ಟಿದೆ. ತೂಕದ ಲೆಕ್ಕವನ್ನೂ ಇಲ್ಲಿ ಹಾಕಿ ನೋಡಬಹುದು. ಲೋಹದ ಒಂದು ಕಟ್ಟು ನೂರು ಗ್ರಾಂ, ಪ್ಲಾಸ್ಟಿಕ್ಕಿನದು ಇಪ್ಪತ್ತು ಗ್ರಾಂ ಎಂದಿಟ್ಟುಕೊಂಡರೆ 300 ಪ್ರಯಾಣಿಕರಿಗೆ ವ್ಯತ್ಯಾಸ 24 ಕಿಲೋ ಆಗುತ್ತದೆ. ಹೆಚ್ಚುವರಿ ತೂಕದ ಶೇಕಡಾ ಮೂರು ನಾಲ್ಕರಷ್ಟು ಇಂಧನ ಗಂಟೆಗೆ ಖರ್ಚಾಗುತ್ತದೆಂಬ ಸ್ಥೂಲ ಲೆಕ್ಕದಲ್ಲಿ, ಹತ್ತು ಗಂಟೆಯ ಹಾರಾಟಕ್ಕೆ ಉಳಿಯುವುದು ಏಳರಿಂದ ಹತ್ತು ಕಿಲೋ ಇಂಧನ. ಅಂಥ ಹಾರಾಟದಲ್ಲಿ ವಿಮಾನ ಉರಿಸುವುದು ಹತ್ತಾರು ಟನ್. ಉಳಿತಾಯ ಸುಳ್ಳಲ್ಲ, ಆದರೆ ಅದು ಊಟವಾದ ಮೇಲೆ ಹೊರಬೀಳುವ ಕಸದ ಗುಡ್ಡವನ್ನು ಸಮರ್ಥಿಸುವಷ್ಟು ದೊಡ್ಡದೂ ಅಲ್ಲ.

ಆ ಕಸದ ಗತಿ ಏನೆಂಬುದು ಇಡೀ ಪ್ರಕರಣದ ಅತಿ ಕುತೂಹಲದ ಭಾಗ. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಅಯಾಟಾ 2017ರ ಸಾಲಿನಲ್ಲಿ ವಿಮಾನಗಳ ಒಳಗೆ ಉಂಟಾದ ಕಸವನ್ನು 57 ಲಕ್ಷ ಟನ್ ಎಂದು ಅಂದಾಜಿಸಿತ್ತು. ಹೊರದೇಶದಿಂದ ಬಂದಿಳಿಯುವ ವಿಮಾನದ ಊಟದ ಕಸವನ್ನು ಅಮೆರಿಕ ಮತ್ತು ಯುರೋಪಿನ ನಿಯಮಗಳು ಪ್ರಾಣಿರೋಗ ಹರಡಬಲ್ಲ ವಸ್ತುವೆಂದು ಪರಿಗಣಿಸುವುದರಿಂದ, ಅದನ್ನು ಸುಡುವುದು, ಕಾಯಿಸಿ ರೋಗಾಣುಮುಕ್ತಗೊಳಿಸುವುದು ಅಥವಾ ಆಳದಲ್ಲಿ ಹೂಳುವುದೇ ರೂಢಿಯಾಗಿದೆ. ಈ ಭಯ ಕಾಲ್ಪನಿಕವಲ್ಲ: 2001ರಲ್ಲೇ ಬ್ರಿಟನ್ನಿನಲ್ಲಿ, ಸರಿಯಾಗಿ ಕುದಿಸದ ಎಂಜಲನ್ನು ಹಂದಿಗಳಿಗೆ ತಿನ್ನಿಸಿದ್ದರಿಂದ ಹಬ್ಬಿತೆಂದು ನಂಬಲಾದ ಕಾಲುಬಾಯಿ ಜ್ವರಕ್ಕಾಗಿ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಆದರೆ ಈ ನಿಯಮದ ಎದುರು ‘ಗೊಬ್ಬರವಾಗಬಲ್ಲ’ ಎಂಬ ಮುದ್ರೆಗೆ ಹೆಚ್ಚಿನ ಬೆಲೆ ಉಳಿಯುವುದಿಲ್ಲ. ಬಿದಿರಿನ ಚಮಚವಾಗಲಿ, ಜೋಳದ ಪಿಷ್ಟದಿಂದ ತಯಾರಾದ ಜೈವಿಕ ಪ್ಲಾಸ್ಟಿಕ್ಕಾಗಲಿ, ಅಂತರರಾಷ್ಟ್ರೀಯ ಹಾರಾಟದಲ್ಲಿ ಎಂಜಲಿಗೆ ಸೇರಿದ ಮೇಲೆ ಕೊನೆಗೆ ಸೇರುವುದು ಬಹುತೇಕ ಅದೇ ಕುಲುಮೆಯನ್ನು. ತೊಳೆದು ಬಳಸುವ ಲೋಹದ ಚಮಚ ಮಾತ್ರ ಈ ಕಸದ ವ್ಯಾಪ್ತಿಯಿಂದ ಹೊರಗುಳಿಯುತ್ತದೆ. ಇಂಥ ಸಾಮಗ್ರಿಗೆ ವಿಮಾನದ ಅಡುಗೆ ಉದ್ಯಮದಲ್ಲಿ ‘ರೊಟೇಬಲ್’, ಅಂದರೆ ಸುತ್ತಿ ಸುತ್ತಿ ಮರಳಿ ಬರುವುದು, ಎಂಬ ಹೆಸರಿದೆ.

ಭಾರತದಲ್ಲಿ ಈ ಕಥೆ ಬೇರೆ ದಾರಿ ಹಿಡಿಯಿತು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೆ ಚಮಚವನ್ನೂ ನಿಷೇಧಿಸಿತ್ತು. ಆ ಆದೇಶ ಎಷ್ಟರಮಟ್ಟಿಗೆ ಪಾಲನೆಯಾಯಿತೆಂಬುದು ಬೀದಿಬದಿಯ ಅಂಗಡಿಗಳನ್ನು ಕಂಡವರಿಗೆ ಗೊತ್ತಿದೆ. ಏರ್ ಇಂಡಿಯಾ 2019ರ ಅಕ್ಟೋಬರ್ 2ರಿಂದ ಒಂದೇ ಸಲ ಬಳಸುವ ಪ್ಲಾಸ್ಟಿಕ್ಕನ್ನು ಬಿಡುವುದಾಗಿ ಪ್ರಕಟಿಸಿ, ವಿಶೇಷ ಊಟಗಳಿಗೆ ಬರ್ಚ್ ಮರದ ಚಮಚಗಳನ್ನೂ ಸಿಬ್ಬಂದಿಯ ಊಟಕ್ಕೆ ಹಗುರ ಉಕ್ಕಿನವನ್ನೂ ಆರಿಸಿಕೊಂಡಿತು. ವರ್ಷ ತುಂಬುವುದರೊಳಗೆ ಕೋವಿಡ್ ಎಲ್ಲವನ್ನೂ ತಲೆಕೆಳಗು ಮಾಡಿತು: ನಿಂತಿದ್ದ ಊಟದ ಸೇವೆಗೆ 2020ರ ಆಗಸ್ಟ್‌ನಲ್ಲಿ ಮತ್ತೆ ಅನುಮತಿ ಸಿಕ್ಕಾಗ, ಟ್ರೇ, ತಟ್ಟೆ, ಚಮಚ ಎಲ್ಲವೂ ಬಳಸಿ ಎಸೆಯುವಂಥವೇ ಆಗಿರಬೇಕೆಂಬುದೂ ಷರತ್ತಾಗಿತ್ತು. 2022ರ ಜುಲೈ 1ರಿಂದ ಕೇಂದ್ರದ ನಿಯಮಗಳು ದೇಶದಾದ್ಯಂತ ಪ್ಲಾಸ್ಟಿಕ್ ಚಮಚ, ಫೋರ್ಕ್, ಚಾಕುಗಳನ್ನು ನಿಷೇಧಿಸಿದವು. ಒಬ್ಬರ ಆದೇಶ ಎಸೆಯಲೇಬೇಕೆಂದಿತು, ಇನ್ನೊಬ್ಬರ ಆದೇಶ ಎಸೆಯುವುದು ಪ್ಲಾಸ್ಟಿಕ್ ಆಗಿರಲೇಬಾರದೆಂದಿತು. ಸಂಸ್ಥೆಗಳು ಎರಡನ್ನೂ ಪಾಲಿಸುವ ಜಾಣ ದಾರಿಯಾಗಿ ಮರದ ಚಮಚವನ್ನು ಕಂಡುಕೊಂಡವು.

ಆದರೆ ಬೆಂಗಳೂರಿನಿಂದ ದೆಹಲಿಗೋ ಗುವಾಹಟಿಗೋ ಹಾರುವ ವಿಮಾನ ಯಾವ ಗಡಿಯನ್ನೂ ದಾಟುವುದಿಲ್ಲವಾದ್ದರಿಂದ, ಹೊರದೇಶದ ಪ್ರಾಣಿರೋಗದ ಭಯ ಅಲ್ಲಿಗೆ ಅನ್ವಯಿಸುವುದಿಲ್ಲ. ಎರಡೂ ತುದಿಗಳಲ್ಲಿ ದೊಡ್ಡ ಅಡುಗೆಮನೆಗಳಿವೆ, ಅವುಗಳಲ್ಲಿ ಮೇಲ್ದರ್ಜೆಯ ಪ್ರಯಾಣಿಕರ ಪಿಂಗಾಣಿ ತಟ್ಟೆಗಳನ್ನು ತೊಳೆಯುವ ಯಂತ್ರಗಳು ಈಗಲೂ ನಡೆಯುತ್ತಿವೆ. ಉಪ್ಪಿಟ್ಟು, ಪಲಾವ್, ಇಡ್ಲಿ, ಪರೋಟ ಮುಂತಾದವೇ ಹೆಚ್ಚಾಗಿರುವ ಊಟಕ್ಕೆ ಚಾಕುವಿನ ಅಗತ್ಯವಂತೂ ಇಲ್ಲವೇ ಇಲ್ಲ. ಬನ್ನಿಗೆ ಬೆಣ್ಣೆ ಸವರುವ ಪಾಶ್ಚಾತ್ಯ ಟ್ರೇಯ ಕ್ರಮವನ್ನು ಯೋಚಿಸದೆ ಎರವಲು ಪಡೆದುದರ ಕುರುಹಾಗಿ ಅದು ಕಟ್ಟಿನೊಳಗೆ ಉಳಿದುಕೊಂಡಿದೆ, ಎಷ್ಟೋ ಸಲ ಕಟ್ಟು ಬಿಚ್ಚದೆಯೇ ಕಸವಾಗುತ್ತದೆ. ಚಾಕುವನ್ನು ಕೇಳಿದವರಿಗಷ್ಟೇ ಕೊಟ್ಟು, ಉಳಿದವರಿಗೆ ಒಂದು ಉಕ್ಕಿನ ಚಮಚ ಕೊಡುವುದಕ್ಕೆ ಯಾವ ಭದ್ರತಾ ತಜ್ಞನ ಸಲಹೆಯೂ ಬೇಕಿಲ್ಲ. ಬೇಕಿರುವುದು ಚಮಚಗಳನ್ನು ಎಣಿಸಿ ಹಿಂದಕ್ಕೆ ಪಡೆಯುವ ಸಿಬ್ಬಂದಿಗೆ ಒಂದಿಷ್ಟು ಸಮಯ, ತೊಳೆಯುವ ಯಂತ್ರಕ್ಕೆ ಹೆಚ್ಚುವರಿ ಪಾಳಿ ಮತ್ತು ಕಿಸೆಗೆ ಸೇರಿ ಕಾಣೆಯಾಗುವ ಚಮಚಗಳಿಗಾಗಿ ಲೆಕ್ಕಪತ್ರದಲ್ಲಿ ಒಂದು ಸಾಲು. ಅದನ್ನು ಬರೆಯಬೇಕಾದವರು ಸಂಸ್ಥೆಗಳ ಹಣಕಾಸು ವಿಭಾಗದವರು.