ಪಿಕಪ್ಪಿಗೆ ವೇಗಕ್ಕಿಂತ ಬ್ರೇಕು ಮುಖ್ಯ

ಟೊಮೆಟೊ ಹೊತ್ತು ಕೋಲಾರದ ಮಂಡಿಗೆ ಓಡುವ ಡೀಸೆಲ್ ಪಿಕಪ್ಪಿಗೆ ‘ಪವರ್’ ಹೆಚ್ಚಲೆಂದು ಚಿಪ್ ಹಾಕಿಸಲು, ಸ್ಪ್ರಿಂಗಿಗೆ ಪಟ್ಟಿ ಸೇರಿಸಲು ದುಡುಕಬೇಡಿರಿ. ಚಿಪ್ ಮಾಡುವುದು ಹೆಚ್ಚು ಡೀಸೆಲ್ ಸುರಿಯುವ ಕೆಲಸ. ಅದಕ್ಕೆ ತಕ್ಕ ಗಾಳಿ ಸಿಗದಿದ್ದರೆ ಕಪ್ಪು ಹೊಗೆ ಬರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಪಟ್ಟಿ ಹೆಚ್ಚಿದರೂ ಬ್ರೇಕು, ಆಕ್ಸಲ್ ಹಳೆಯವೇ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ.

ಅದೇ ಹಣದಲ್ಲಿ ಬ್ರೇಕ್ ಲೈನರ್, ಒಳ್ಳೆಯ ಟಯರು ಹಾಕಿಸಿರಿ. ಧೂಳು ತುಂಬಿದ ಏರ್ ಫಿಲ್ಟರ್ ಬದಲಿಸಿದರೇ ಎಷ್ಟೋ ಗಾಡಿಗಳಿಗೆ ಕಳೆದುಹೋದ ಎಳೆತ ಮರಳುತ್ತದೆ. ಘಾಟಿ ಹತ್ತಿದ ಕೂಡಲೇ ಎಂಜಿನ್ ಆರಿಸದೆ, ಒಂದೆರಡು ನಿಮಿಷ ನಿಧಾನಕ್ಕೆ ಓಡಲು ಬಿಡಿರಿ, ಟರ್ಬೊ ಬಾಳುತ್ತದೆ. ಮಂಡಿಗೆ ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ, ಗಾಡಿ ನಿಲ್ಲಬೇಕಾದಲ್ಲಿ ನಿಲ್ಲಲಿ.