ಶಿಖರದ ಫೋಟೋದಲ್ಲಿ ನಾಲ್ವರೇ ಇದ್ದೇವೆ



ಮೊಂತಿ ಹಬ್ಬದ ದಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಮ್ಮಲ್ಲಿ ಅನೇಕರು ನಮ್ಮ ಫೂಜಿ ಪರ್ವತದ ಫೋಟೋ ನೋಡಿ ಬೆನ್ನು ತಟ್ಟಿದಿರಿ. "ಐದು ಜನ ಹೋದದ್ದಲ್ವಾ ಮಕ್ಕಳೇ, ಇದರಲ್ಲಿ ನಾಲ್ಕೇ ಜನ ಯಾಕೆ?" ಎಂದು ಕೇಳಿದ್ದು ಒಬ್ಬರು ಅಜ್ಜಿ ಮಾತ್ರ. "ಐದನೆಯವ ಫೋಟೋ ತೆಗೆದದ್ದು ಅಜ್ಜಿ" ಎಂದು ನಾವು ನಗಾಡಿದೆವು. ಅದು ಸುಳ್ಳು. ಆ ಐದನೆಯವ ನಮ್ಮ ಪಕ್ಕದಲ್ಲೇ ನಿಂತಿದ್ದ. ಏನೂ ಹೇಳಲಿಲ್ಲ. ಈಗ ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಫೂಜಿ 3,776 ಮೀಟರ್ ಎತ್ತರ, ಜಪಾನಿನಲ್ಲೇ ಅತಿ ಎತ್ತರದ ಬೆಟ್ಟ. ಅಲ್ಲಿನವರಿಗೆ ಅದು ಪವಿತ್ರ. ಶಿಖರದಲ್ಲಿ ಶಿಂತೋ ದೇಗುಲವಿದೆ. 2013ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಪ್ರಕೃತಿ ತಾಣವೆಂದಲ್ಲ, ಸಾಂಸ್ಕೃತಿಕ ತಾಣವೆಂದು. ಹಾಗಾಗಿ ಹೊರಡುವ ಮೊದಲು ಮನೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ: ನಾವು ಕ್ರೈಸ್ತರು, ಬೇರೆ ಧರ್ಮದವರ ಪುಣ್ಯ ಬೆಟ್ಟ ಹತ್ತಬಹುದೇ? ನಮ್ಮ ಉತ್ತರ ಸಿದ್ಧವಿತ್ತು. ಗೌರವದಿಂದ ನಡೆಯುತ್ತೇವೆ, ಕಸ ಹಾಕುವುದಿಲ್ಲ, ದೇಗುಲದ ಎದುರು ಗದ್ದಲ ಮಾಡುವುದಿಲ್ಲ. ಇವನ್ನೆಲ್ಲ ಪಾಲಿಸಿದೆವು ಕೂಡ. ಆದರೆ ನಮ್ಮಲ್ಲೇ ಒಬ್ಬನಿಗೆ ಹತ್ತಲಾಗದಿದ್ದರೆ ಏನು ಮಾಡುವುದು ಎಂದು ಯಾರೂ ಕೇಳಲಿಲ್ಲ. ನಾವೂ ಯೋಚಿಸಲಿಲ್ಲ.

ಈಗ ಬಸ್ಸು 2,300 ಮೀಟರ್ ಎತ್ತರದ ಐದನೇ ನಿಲ್ದಾಣದವರೆಗೆ ಹೋಗುತ್ತದೆ. ಅಲ್ಲಿ ಒಂದು ಗಂಟೆಯಾದರೂ ಕೂತು, ಮೈಯನ್ನು ಆ ಗಾಳಿಗೆ ಒಗ್ಗಿಸಿಕೊಂಡು ಹೊರಡಿ ಎನ್ನುತ್ತಾರೆ. ಸಮುದ್ರದ ಬದಿಯಲ್ಲಿ ಬೆಳೆದ ನಾವು ಕಾಲು ಗಂಟೆಯಲ್ಲೇ ಹೊರಟೆವು. ಸಂಜೆ 3,400 ಮೀಟರ್ ಎತ್ತರದ ತಂಗುಮನೆಗೆ ತಲುಪುವಾಗ ನಮ್ಮಲ್ಲೊಬ್ಬನಿಗೆ ತಲೆ ಸಿಡಿಯುತ್ತಿತ್ತು. ಊಟ ಸೇರಲಿಲ್ಲ, ಎರಡು ಸಲ ವಾಂತಿಯಾಯಿತು. ರಾತ್ರಿ ಒಂದೂವರೆಗೆ ಎಲ್ಲರೂ ಸೂರ್ಯೋದಯ ನೋಡಲು ಎದ್ದಾಗ ಅವನು, "ನೀವು ಹೋಗಿ ಮಾರಾಯ್ರೆ, ನಾನು ಇಲ್ಲೇ ಮಲಗ್ತೇನೆ" ಎಂದ. ನಾವು ಹೋದೆವು.

ಮೇಲೆ ಸೂರ್ಯ ಚೆನ್ನಾಗಿಯೇ ಬಂದ. ಫೋಟೋ ತೆಗೆದೆವು. ಇಳಿದು ಬರುವಾಗ ತಂಗುಮನೆಯ ಒಬ್ಬ ಕೆಲಸದವರು ಬಾಗಿಲ ಬಳಿ ಅವನ ಹೆಗಲಿಗೆ ಕಂಬಳಿ ಹೊದಿಸಿ, ಬಿಸಿನೀರಿನ ಲೋಟ ಹಿಡಿದು ಪಕ್ಕದಲ್ಲಿ ಕೂತಿದ್ದರು. ಅವನ ಭಾಷೆ ಅವರಿಗೆ ಬಾರದು, ಅವರ ಭಾಷೆ ಇವನಿಗೆ ಬಾರದು. ಎತ್ತರದ ಕಾಯಿಲೆಗೆ ಮುಖ್ಯ ಮದ್ದು ಕೆಳಗಿಳಿಯುವುದೇ ಎಂದು ನಮಗೆ ಗೊತ್ತಿತ್ತು. ಅದು ಬೇಗನೆ ಪ್ರಾಣಕ್ಕೇ ಬರಬಹುದು ಎಂದೂ ಓದಿದ್ದೆವು. ಆದರೂ ಆ ರಾತ್ರಿ ಅವನನ್ನು ಅಷ್ಟು ಎತ್ತರದಲ್ಲಿ ಬಿಟ್ಟು ನಾವು ಇನ್ನೂ ಮೇಲಕ್ಕೆ ಹೋಗಿದ್ದೆವು. ದೇವರ ದಯೆ, ಕೆಳಗಿಳಿದ ಹಾಗೆ ಅವನು ಚೇತರಿಸಿಕೊಂಡ.

"ಅವನೇ ಹೋಗಿ ಅಂದನಲ್ಲ" ಎಂದು ನೀವು ಹೇಳಬಹುದು. ನಾವೂ ನಮಗೆ ಹಾಗೆಯೇ ಹೇಳಿಕೊಂಡೆವು. ವೀಸಾ, ವಿಮಾನದ ಟಿಕೆಟು, ಬೆಟ್ಟ ಹತ್ತಲು 4,000 ಯೆನ್ ಶುಲ್ಕ, ಎರಡು ವರ್ಷ ಕೂಡಿಸಿದ ಹಣ; ಒಬ್ಬನಿಗಾಗಿ ನಾಲ್ವರು ಯಾಕೆ ಕಳೆದುಕೊಳ್ಳಬೇಕು? ಈ ವಾದದಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಆದರೆ ಹುಷಾರಿಲ್ಲದವನು "ಹೋಗಿ" ಎಂದಲ್ಲದೆ ಬೇರೇನು ಹೇಳಿಯಾನು? ನನಗಾಗಿ ನಿಮ್ಮ ಪ್ರವಾಸ ಕೆಡಿಸಿ ಎಂದು ಯಾವ ಗೆಳೆಯನೂ ಬಾಯಿಬಿಟ್ಟು ಕೇಳುವುದಿಲ್ಲ. ಅವನನ್ನು ಕೇಳಿ ತೀರ್ಮಾನಿಸಿದೆವು ಎಂದರೆ, ನಮ್ಮ ತೀರ್ಮಾನದ ಹೊರೆಯನ್ನೂ ಅವನ ತಲೆಗೇ ಹೊರಿಸಿದ ಹಾಗೆ.

ಹಿಂತಿರುಗಿದ ಮೇಲೆ ಆ ಬೆಟ್ಟದ ಬಗ್ಗೆ ಓದಿದಾಗ ಇನ್ನಷ್ಟು ನಾಚಿಕೆಯಾಯಿತು. ಎಡೋ ಕಾಲದಲ್ಲಿ ಜನಸಾಮಾನ್ಯರು 'ಫೂಜಿ-ಕೋ' ಎಂಬ ಸಂಘ ಕಟ್ಟಿ, ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ, ಪ್ರತಿ ವರ್ಷ ಕೆಲವರನ್ನು ಎಲ್ಲರ ಪರವಾಗಿ ಬೆಟ್ಟಕ್ಕೆ ಕಳಿಸುತ್ತಿದ್ದರು. ಹತ್ತಲಾಗದ ಮುದುಕರಿಗಾಗಿ, ಮಕ್ಕಳಿಗಾಗಿ, 1872ರವರೆಗೆ ಶಿಖರಕ್ಕೆ ಪ್ರವೇಶವೇ ಇಲ್ಲದಿದ್ದ ಹೆಂಗಸರಿಗಾಗಿ ಊರೊಳಗೇ ಪುಟ್ಟ ಫೂಜಿ ಗುಡ್ಡಗಳನ್ನು ಕಟ್ಟಿದರು. ಅಂಥ ಕೆಲವು ಗುಡ್ಡಗಳು ಟೋಕಿಯೋದಲ್ಲಿ ಇಂದಿಗೂ ಇವೆ. ಹತ್ತಲಾಗದವರನ್ನೂ ಲೆಕ್ಕಕ್ಕೆ ಹಿಡಿದ ಭಕ್ತಿ ಅದು. ಆ ಬೆಟ್ಟಕ್ಕೆ ಗೌರವ ಕೊಡುತ್ತೇವೆಂದು ಹೊರಟ ನಾವು ಚಾಕಲೇಟಿನ ಕಾಗದವನ್ನು ಜೇಬಿನಲ್ಲಿಟ್ಟು ವಾಪಸು ತಂದೆವು, ಗೆಳೆಯನನ್ನು ಬಿಟ್ಟು ಮೇಲೆ ಹೋದೆವು.

ಇದನ್ನು ಕಲಿಯಲು ಜಪಾನಿಗೆ ಹೋಗಬೇಕಾಗಿರಲಿಲ್ಲ. ಶುಭ ಶುಕ್ರವಾರ ನಾವು ಗುಡ್ಡದ ಮೇಲೆ ಶಿಲುಬೆಹಾದಿ ನಡೆಸುವಾಗ ಒಬ್ಬರು ಅಜ್ಜಿ ಉಸಿರು ಹಿಡಿಯಲು ನಿಂತರೆ ಇಡೀ ಸಾಲು ನಿಲ್ಲುತ್ತದೆ. ಗುರುಗಳೂ ನಿಲ್ಲುತ್ತಾರೆ. ಐದನೆಯ ಸ್ಥಳದಲ್ಲಿ ನಾವು ನೆನೆಯುವ ಸಿರೇನಿನ ಸಿಮೋನನೂ ತನ್ನ ದಾರಿಯಲ್ಲಿ ಹೋಗುತ್ತಿದ್ದವನೇ.

ಹಾಗಾಗಿ ಯುವಜನರ ಮುಂದಿನ ಪ್ರವಾಸಕ್ಕೆ, ಅದು ರಾಣಿಪುರಂ ಗುಡ್ಡವಾದರೂ ಸರಿ, ನಮ್ಮದೊಂದು ಸಲಹೆ. ಬಸ್ಸು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಳ್ಳೋಣ: ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಬೇಕು. ಒಬ್ಬರಿಗೆ ಹುಷಾರಿಲ್ಲದಾದರೆ ಕನಿಷ್ಠ ಇಬ್ಬರು ಅವರ ಜೊತೆ ಇಳಿಯಬೇಕು, ಆ ಇಬ್ಬರು ಯಾರೆಂದು ಮೊದಲೇ ಗೊತ್ತಿರಬೇಕು. ಚಿಕ್ಕ ತಂಡವಾದರೆ ಎಲ್ಲರೂ ಇಳಿಯಬೇಕು. ಮೇಲೆ ಹೋದ ಮೇಲೆ ಚರ್ಚೆ ಬೇಡ. ಶಿಖರ ಕಾಣುವಾಗ ಮನಸ್ಸು ನ್ಯಾಯ ಹೇಳುವುದಿಲ್ಲ, ಇದು ನಮ್ಮ ಅನುಭವ.

ಬರುವ ಭಾನುವಾರ ಪೂಜೆಯ ನಂತರ ನಾವು ಐವರೂ ಆ ಅಜ್ಜಿಯ ಬಳಿ ಹೋಗುತ್ತೇವೆ. ಫೋಟೋ ತೆಗೆದದ್ದು ಯಾರೋ ಗುರುತಿಲ್ಲದ ಪ್ರವಾಸಿ ಎಂದು ಹೇಳಬೇಕಾಗಿದೆ.